ಆರು ಜನರಲ್ಲಿ ಒಬ್ಬ

(ನಮ್ಮ ಊರಿನ ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಗೆಳೆಯರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಕೆಲವೆಡೆ ಬೆಳೆಸಿದ್ದೇನೆ, ಕೆಲವೆಡೆ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವ ಬಹುಪಾಲು ಜನ ಹತ್ತನೆಯ ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದವರೇ: ‘ಮೊದಲನೆಯ ಮಹಾಯುದ್ಧಕ್ಕೆ ತತ್‌ಕ್ಷಣದ ಕಾರಣವೇನು?’ ಆಸ್ಟ್ರಿಯಾದ ಯುವರಾಜನ ಹತ್ಯೆ ಎಂದು ಬರೆದರೆ ಅಂಕ ಬರುತ್ತಿತ್ತು. ನಾನು ಮೂವತ್ತು ವರ್ಷ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವನು. ಆ ಒಂದು ಸಾಲನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಕೊಂದವನ ವಯಸ್ಸೆಷ್ಟು?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ‘ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ’ ಎಂದೆ. ಮೇಷ್ಟ್ರುಗಳು ಹೀಗೆ ಬಹಳಷ್ಟು ಒಳ್ಳೆಯ ಪ್ರಶ್ನೆಗಳನ್ನು ಕೂರಿಸಿಬಿಟ್ಟಿದ್ದೇವೆ.

ಆಮೇಲೆ ಹುಡುಕಿ ನೋಡಿದೆ. ಹತ್ತೊಂಬತ್ತು. ಇಪ್ಪತ್ತು ತುಂಬಲು ಇನ್ನೂ ನಾಲ್ಕು ವಾರ ಬಾಕಿಯಿತ್ತು. ಆ ನಾಲ್ಕು ವಾರವೇ ಅವನ ಕುತ್ತಿಗೆಯನ್ನು ನೇಣಿನಿಂದ ತಪ್ಪಿಸಿತು; ಇಪ್ಪತ್ತು ತುಂಬದವರಿಗೆ ಮರಣದಂಡನೆ ವಿಧಿಸಲು ಆಸ್ಟ್ರಿಯಾ-ಹಂಗೇರಿಯ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಒಂದು ದಾಖಲೆಯಲ್ಲಿ ಹುಟ್ಟಿದ್ದು ಜೂನ್ 13 ಎಂದಿತ್ತು, ಚರ್ಚಿನ ದಾಖಲೆಯಲ್ಲಿ ಹಳೆಯ ಪಂಚಾಂಗದ ಜುಲೈ 13, ಈಗಿನ ಲೆಕ್ಕದಲ್ಲಿ ಜುಲೈ 25. ಜೂನ್ ಎಂದು ಒಪ್ಪಿದ್ದರೆ ಅವನಿಗೆ ಹದಿನೈದು ದಿನದ ಹಿಂದೆಯೇ ಇಪ್ಪತ್ತು ತುಂಬಿರುತ್ತಿತ್ತು. ನ್ಯಾಯಾಲಯ ಜುಲೈ ತಿಂಗಳನ್ನೇ ಒಪ್ಪಿತು. ಒಂದು ಸಾಮ್ರಾಜ್ಯ ತನ್ನ ಯುವರಾಜನನ್ನು ಕೊಂದವನ ಹುಟ್ಟಿದ ತಾರೀಖನ್ನು ಇಷ್ಟು ಪ್ರಾಮಾಣಿಕವಾಗಿ ಪರಿಶೀಲಿಸಿತು ಎನ್ನುವುದು ನನಗೆ ಈಗಲೂ ಸೋಜಿಗ.

ಹೆಸರು ಗವ್ರಿಲೊ ಪ್ರಿನ್ಸಿಪ್. 1894ರಲ್ಲಿ, ಆಗ ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿದ್ದ ಬೋಸ್ನಿಯಾದ ಪಶ್ಚಿಮ ಭಾಗದ ಓಬ್ಲ್ಯಾಯ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಜಮೀನುದಾರರಿಗೆ ಬೆಳೆಯ ಮೂರನೆಯ ಒಂದು ಪಾಲು ಕೊಟ್ಟು ಉಳಿದದ್ದರಲ್ಲಿ ಬದುಕುವ ಸರ್ಬ್ ಗೇಣಿದಾರರ ಕುಲ. ಮಣ್ಣಿನ ನೆಲ, ನಡುವೆ ಒಲೆ, ಹೊಗೆ. ತಂದೆ ಪೇಟರ್ ಬೇಸಾಯದ ಜೊತೆಗೆ ಟಪಾಲು ಹೊರುತ್ತಿದ್ದ. ಕುಡಿಯುತ್ತಿರಲಿಲ್ಲ, ಮಾತೂ ಕಡಿಮೆ. ತಾಯಿ ಮಾರಿಯಾ ಹೆತ್ತದ್ದು ಒಂಬತ್ತು ಮಕ್ಕಳನ್ನು, ಅದರಲ್ಲಿ ಆರು ಎಳವೆಯಲ್ಲೇ ಹೋದವು. ಗವ್ರಿಲೊ ಕೂಡ ಉಳಿಯುವುದು ಅನುಮಾನ ಎನ್ನುವಷ್ಟು ಬಡಕಲಾಗಿ ಹುಟ್ಟಿದ. ಪಾದ್ರಿ ದೇವದೂತ ಗೇಬ್ರಿಯಲ್‌ನ ಹೆಸರನ್ನೇ ಇಡಿಸಿದರು, ಅವನಾದರೂ ಕಾಯಲಿ ಎಂದು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಗುಂಡ, ತಿಪ್ಪ ಎಂದು ಹೆಸರಿಡುತ್ತಿದ್ದರಲ್ಲ, ಆ ಭಯವೇ ಅಲ್ಲಿಯೂ.

ಹದಿಮೂರನೆಯ ವಯಸ್ಸಿಗೆ ಅಣ್ಣ ಯೋವೊ ಅವನನ್ನು ಬೋಸ್ನಿಯಾದ ರಾಜಧಾನಿ ಸಾರಾಯೆವೊ ನಗರಕ್ಕೆ ಕರೆತಂದ. ಸೈನಿಕ ಶಾಲೆಗೆ ಸೇರಿಸುವ ಯೋಚನೆ. ಊಟ, ಬಟ್ಟೆ, ಮುಂದೆ ಸಂಬಳ, ಎಲ್ಲವೂ ಸರ್ಕಾರದ್ದೇ. ಪರಿಚಯದ ಅಂಗಡಿಯವನೊಬ್ಬ ತಡೆದನಂತೆ: ನಿನ್ನ ತಮ್ಮನನ್ನು ನಮ್ಮ ಜನರನ್ನೇ ಕೊಲ್ಲುವ ಕೆಲಸಕ್ಕೆ ಹಚ್ಚುತ್ತೀಯಾ, ವ್ಯಾಪಾರದ ಶಾಲೆಗೆ ಸೇರಿಸು ಎಂದು. ಸೇರಿಸಿದ. ಆ ಅಂಗಡಿಯವನು ಅಂದು ಬಾಯಿ ಮುಚ್ಚಿಕೊಂಡಿದ್ದರೆ ಪ್ರಿನ್ಸಿಪ್ ಆಸ್ಟ್ರಿಯಾ ಸೈನ್ಯದ ಒಬ್ಬ ಗಿಡ್ಡ ಅಧಿಕಾರಿಯಾಗಿ, ಯುವರಾಜನಿಗೆ ಸಲಾಮು ಹೊಡೆಯುತ್ತಾ ನಿಂತಿರುತ್ತಿದ್ದನೋ ಏನೋ. ಈ ಬಗೆಯ ‘ಒಂದು ವೇಳೆ’ಗಳು ಈ ಕಥೆಯ ತುಂಬ ಇವೆ. ಎಲ್ಲದಕ್ಕೂ ನಿಂತರೆ ಮನೆಗೆ ಹೋಗಲು ಹೊತ್ತಾಗುತ್ತದೆ.

ಅವನಿಗೆ ಬಾಡಿಗೆಗೆ ಮೂಲೆ ಕೊಟ್ಟವಳು ಬಟ್ಟೆ ಒಗೆದು ಜೀವನ ನಡೆಸುತ್ತಿದ್ದ ಒಬ್ಬ ವಿಧವೆ. ಅವಳ ಮಗ ದಾನಿಲೊ ಇಲಿಚ್. ಈ ಹೆಸರು ನೆನಪಿನಲ್ಲಿರಲಿ.

ಇನ್ನು ಈ ಹುಡುಗನ ತಲೆಯೊಳಗೆ ಏನಿತ್ತು ಎಂಬ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಭಾಷೆಯ ಒಂದು ಸೂಕ್ಷ್ಮ ಹೇಳಬೇಕು. ಕನ್ನಡದಲ್ಲಿ ಕೊಲೆ ಇದೆ, ಹತ್ಯೆ ಇದೆ, ವಧೆ ಇದೆ, ಸಂಹಾರ ಇದೆ. ಭೀಮ ಮಾಡಿದ್ದು ಕೀಚಕವಧೆ. ಯಾವ ಭಾಗವತರೂ ‘ಕೀಚಕನ ಕೊಲೆ’ ಎಂಬ ಪ್ರಸಂಗ ಆಡಿಸಿಲ್ಲ. ಸತ್ತವನ ದೇಹಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಕೊಂದವನಿಗೆ ಮಾತ್ರ ಆಕಾಶ ಭೂಮಿಯ ಅಂತರ. ರಾಜಕೀಯ ಹಂತಕನ ಮನಸ್ಸನ್ನು ತಿಳಿಯಬೇಕೆಂದರೆ ಅವನು ತನ್ನ ಕೆಲಸಕ್ಕೆ ಯಾವ ಹೆಸರಿಟ್ಟುಕೊಂಡಿದ್ದ ಎಂದು ಮೊದಲು ಕೇಳಬೇಕು ಎಂದು ನನಗನ್ನಿಸುತ್ತದೆ. ಪ್ರಿನ್ಸಿಪ್ ತನ್ನದನ್ನು ಕೊಲೆ ಎಂದು ಒಮ್ಮೆಯೂ ಎಣಿಸಲಿಲ್ಲ.

ಆ ಹೆಸರು ಅವನಿಗೆ ಸಿಕ್ಕಿದ್ದು ಪಾಠಶಾಲೆಯಲ್ಲಿ ಅಲ್ಲ, ಹಳ್ಳಿಯ ಒಲೆಯ ಸುತ್ತ. ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ಹಿಡಿದು ರಾತ್ರಿಯಿಡೀ ವೀರಗಾಥೆ ಹಾಡುವುದು ಆ ನಾಡಿನ ರೂಢಿ. ಅದರಲ್ಲಿ ಮುಖ್ಯವಾದುದು 1389ರ ಕೊಸೊವೊ ಯುದ್ಧದ ಕಥೆ. ತುರ್ಕರ ಸುಲ್ತಾನ ಮುರಾದ್ ಎದುರಿಗೆ ಬಂದಿದ್ದಾನೆ. ಯುದ್ಧದ ಹಿಂದಿನ ರಾತ್ರಿಯ ಔತಣದಲ್ಲಿ ಮಿಲೋಶ್ ಒಬಿಲಿಚ್ ಎಂಬ ವೀರನ ಮೇಲೆ, ನೀನು ನಾಳೆ ದ್ರೋಹ ಬಗೆಯುವವನು ಎಂಬ ಆರೋಪ ಬೀಳುತ್ತದೆ. ಅವನು ಬಾಯಲ್ಲಿ ಉತ್ತರ ಕೊಡದೆ, ಬೆಳಗ್ಗೆ ಶರಣಾಗುವವನಂತೆ ನಟಿಸಿ ಸುಲ್ತಾನನ ಡೇರೆಗೆ ಹೊಕ್ಕು ಅವನನ್ನು ಇರಿದು ತಾನೂ ಸಾಯುತ್ತಾನೆ. ನೋಡಿ, ಈ ಕಥೆಯಲ್ಲಿ ಎಲ್ಲವೂ ಇದೆ: ಅವಮಾನ, ಒಂಟಿತನ, ಒಂದೇ ಏಟು, ಸಾವು, ಆಮೇಲೆ ಐನೂರು ವರ್ಷದ ಹಾಡು. ಯುದ್ಧ ನಡೆದ ದಿನ ವಿದೊವ್‌ದಾನ್, ಈಗಿನ ಪಂಚಾಂಗದಲ್ಲಿ ಜೂನ್ 28. ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಸಾರಾಯೆವೊ ಭೇಟಿಗೆ ಆರಿಸಿಕೊಂಡದ್ದು ಅದೇ ದಿನವನ್ನು. ವಿಯೆನ್ನಾದ ಅಧಿಕಾರಿಗಳಿಗೆ ಇದು ಹೊಳೆಯಲಿಲ್ಲವೋ, ಹೊಳೆದರೂ ಉಡಾಫೆಯೋ!

ಹಾಡಿನ ವೀರ ದೂರದವನು. ಹತ್ತಿರದ ಮಾದರಿಯೂ ಒಬ್ಬನಿದ್ದ. 1910ರ ಜೂನ್‌ನಲ್ಲಿ ಬೊಗ್ದಾನ್ ಝೆರಾಯಿಚ್ ಎಂಬ ವಿದ್ಯಾರ್ಥಿ ಬೋಸ್ನಿಯಾದ ರಾಜ್ಯಪಾಲನ ಮೇಲೆ ಐದು ಗುಂಡು ಹಾರಿಸಿದ. ಐದೂ ಗುರಿ ತಪ್ಪಿದವು. ಆರನೆಯದನ್ನು ತನಗೇ ಹೊಡೆದುಕೊಂಡ. ಅವನ ಸಾವನ್ನು ಕೊಂಡಾಡುವ ಕಿರುಹೊತ್ತಿಗೆಯೊಂದು ಹುಡುಗರ ಕೈಯಿಂದ ಕೈಗೆ ದಾಟುತ್ತಿತ್ತು. ಪ್ರಿನ್ಸಿಪ್ ಅವನ ಸಮಾಧಿಗೆ ರಾತ್ರಿ ಹೋಗಿ ಕೂರುತ್ತಿದ್ದ. ಗಂಟೆಗಟ್ಟಲೆ. 1914ರ ಜೂನ್ 27ರ ರಾತ್ರಿಯೂ ಹೋಗಿದ್ದ.

ಗುರಿ ತಪ್ಪಿದವನ ಸಮಾಧಿಯ ಮುಂದೆ ಕೂರುವ ಹದಿಹರೆಯದವನನ್ನು ಕಲ್ಪಿಸಿಕೊಳ್ಳಿ. ಗೆದ್ದವನ ಸಮಾಧಿ ಕೈಮುಗಿಯಲು. ಸೋತವನದು ಕೆಲಸ ಹಂಚುತ್ತದೆ: ಉಳಿದದ್ದನ್ನು ನೀನು ಮುಗಿಸು ಎಂದು.

1912ರಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆ ಮಾಡಿದ್ದಕ್ಕೆ ಶಾಲೆಯಿಂದ ಹೊರಬಿದ್ದ. ಕಾಲ್ನಡಿಗೆಯಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೊರಟ. ಗಡಿ ದಾಟಿದ ಕೂಡಲೇ ನೆಲಕ್ಕೆ ಮುತ್ತಿಟ್ಟನಂತೆ. ಅದೇ ವರ್ಷ ಬಾಲ್ಕನ್ ಯುದ್ಧ ಶುರುವಾಯಿತು. ಇವನೂ ಸ್ವಯಂಸೇವಕರ ಪಡೆಗೆ ಸೇರಲು ಹೋದ. ಪಡೆಯ ನಾಯಕ ಮೇಜರ್ ವೊಯಿಸ್ಲಾವ್ ಟ್ಯಾಂಕೋಸಿಚ್ ಇವನನ್ನು ಮೇಲಿಂದ ಕೆಳಗೆ ನೋಡಿ, ನೀನು ತೀರಾ ಚಿಕ್ಕವನು, ನಿತ್ರಾಣಿ ಎಂದು ತಿರುಗಿಸಿ ಕಳಿಸಿದ. ಪ್ರಿನ್ಸಿಪ್ ಇದನ್ನು ಮರೆಯಲಿಲ್ಲ. ಎರಡು ವರ್ಷದ ಬಳಿಕ ಪಿಸ್ತೂಲು, ಬಾಂಬುಗಳು ಬಂದದ್ದು ಇದೇ ಟ್ಯಾಂಕೋಸಿಚ್‌ನ ಕಡೆಯಿಂದ. ಅವನನ್ನು ಕಾಣಲು ಗೆಳೆಯ ಗ್ರಾಬೆಜ್ ಹೋದ, ಪ್ರಿನ್ಸಿಪ್ ಹೋಗಲಿಲ್ಲ.

ಇಲ್ಲಿ ಮನಶ್ಶಾಸ್ತ್ರದ ಪುಸ್ತಕ ಓದಿದವರಿಗೆ ಬಾಯಲ್ಲಿ ನೀರೂರುತ್ತದೆ. ಕೀಳರಿಮೆ! ಗಿಡ್ಡ ದೇಹ, ದೊಡ್ಡ ಆಸೆ, ತಿರಸ್ಕಾರ, ಸೇಡು. ಎಲ್ಲೆಲ್ಲಿ ಹೋದರೂ ಜನ ತನ್ನನ್ನು ದುರ್ಬಲನೆಂದೇ ತಿಳಿದರು, ತಾನು ಹಾಗಿರಲಿಲ್ಲ ಎಂದು ಅವನೇ ಹೇಳಿಕೊಂಡದ್ದೂ ಇದೆ. ಜೊತೆಗೆ ಬಡತನ ಸೇರಿಸಿ. ಕ್ಷಯ ಸೇರಿಸಿ. ಕೈಗೂಡದ ಪ್ರೀತಿ ಸೇರಿಸಿ, ಯಾಕೆಂದರೆ ಅದೂ ಇತ್ತು. ಔಷಧದ ಚೀಟಿಯಂತೆ ಎಲ್ಲ ಸೇರಿಸಿ ಕಲಕಿದರೆ ಒಬ್ಬ ಹಂತಕ ಸಿದ್ಧ.

ನಾನೂ ಹಲವು ವರ್ಷ ಹೀಗೇ ನಂಬಿದ್ದೆ. ನಂಬಿಕೆ ಕೆಟ್ಟದ್ದು ಉಳಿದ ಐವರ ಕಥೆ ಓದಿದಾಗ.

ಜೂನ್ 28ರ ಬೆಳಗ್ಗೆ ಮಿಲ್ಯಾಚ್ಕಾ ನದಿಯ ದಂಡೆಯ ರಸ್ತೆಯಲ್ಲಿ ಆಯುಧ ಹಿಡಿದು ನಿಂತವರು ಆರು ಜನ. ಒಟ್ಟು ನಾಲ್ಕು ಪಿಸ್ತೂಲು, ಆರು ಬಾಂಬು, ಮುಗಿದ ಮೇಲೆ ನುಂಗಲು ಸಯನೈಡ್. ಸಾಲಾಗಿ ನಿಲ್ಲಿಸಿದವನು ಆ ಅಗಸಗಿತ್ತಿಯ ಮಗ ಇಲಿಚ್. ಅವನಿಗೇ ಕೊನೆಕೊನೆಗೆ ಅನುಮಾನ ಹುಟ್ಟಿತ್ತು, ಬೇಡ ಬಿಡೋಣ ಎಂದು ಪ್ರಿನ್ಸಿಪ್‌ನೊಂದಿಗೆ ವಾದಿಸಿದ್ದ.

ಸಾಲಿನಲ್ಲಿ ಮೊದಲಿಗೆ ಮುಹಮದ್ ಮೆಹ್ಮೆದ್‌ಬಾಶಿಚ್, ಬಡಗಿ, ಎಲ್ಲರಿಗಿಂತ ಹಿರಿಯ. ಈತ ಅದೇ ವರ್ಷದ ಆರಂಭದಲ್ಲಿ ರಾಜ್ಯಪಾಲ ಪೊಟಿಯೊರೆಕ್‌ನನ್ನು ಕೊಲ್ಲಲು ಹೊರಟು, ರೈಲಿನೊಳಗೆ ಪೊಲೀಸರು ಹತ್ತಿದ್ದನ್ನು ಕಂಡು ಆಯುಧವನ್ನು ಹೊರಗೆಸೆದಿದ್ದ. ಪೊಲೀಸರು ಹುಡುಕುತ್ತಿದ್ದುದು ಯಾವನೋ ಕಳ್ಳನನ್ನು! ಅಂದೂ ಕಾರು ಮುಂದೆಯೇ ಹಾದುಹೋಯಿತು. ಹಿಂದೆ ಪೊಲೀಸಿನವನು ನಿಂತಿದ್ದ ಎಂದ. ಅವನ ಬಳಿಯೇ ವಾಸೊ ಚುಬ್ರಿಲೋವಿಚ್, ಹದಿನೇಳು ವರ್ಷದ ಶಾಲಾ ಹುಡುಗ. ಪಿಸ್ತೂಲು, ಬಾಂಬು ಎರಡೂ ಇದ್ದವು. ಕೈಯೆತ್ತಲಿಲ್ಲ. ಯುವರಾಜನ ಹೆಂಡತಿಯನ್ನು ನೋಡಿ ಕನಿಕರವಾಯಿತು ಎಂದು ವಿಚಾರಣೆಯಲ್ಲಿ ಹೇಳಿದ. ಪೊಪೋವಿಚ್, ಹದಿನೆಂಟು, ಧೈರ್ಯ ಬರಲಿಲ್ಲ. ಗ್ರಾಬೆಜ್‌ನ ಕೈಯೂ ಏಳಲಿಲ್ಲ.

ಒಬ್ಬ ಎಸೆದ. ನೆದೆಲ್ಕೊ ಚಾಬ್ರಿನೋವಿಚ್, ಮುದ್ರಣಾಲಯದ ಕೆಲಸಗಾರ. ಬಾಯಿ ಬಡುಕ, ಆಯುಧ ಸಾಗಿಸುವ ದಾರಿಯಲ್ಲಿ ಪೊಲೀಸಿನವನ ಜೊತೆಗೇ ಹರಟೆಗೆ ಕೂತಿದ್ದರಿಂದ ಪ್ರಿನ್ಸಿಪ್ ಅವನನ್ನು ಬೇರೆ ದಾರಿಯಲ್ಲಿ ಕಳಿಸಬೇಕಾಯಿತು. ತಂದೆ ಆಸ್ಟ್ರಿಯಾ ಪೊಲೀಸರಿಗೆ ಸುದ್ದಿ ಕೊಡುವವನು ಎಂಬ ಮಾತು ಊರಲ್ಲಿತ್ತು. ಮಗನಿಗೆ ಆ ಕಳಂಕ ತೊಳೆಯಬೇಕಿತ್ತೇನೋ. ಅಂದು ಬೆಳಗ್ಗೆ ಗೆಳೆಯನೊಬ್ಬನನ್ನು ಕರೆದುಕೊಂಡು ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿಕೊಂಡ, ತನ್ನ ನೆನಪಿಗೆ ಇರಲಿ ಎಂದು. ಆಮೇಲೆ ಬಂದು ನಿಂತ. ಎಸೆದ ಬಾಂಬು ಯುವರಾಜನ ಕಾರಿನ ಮಡಿಸಿದ ಮೇಲ್ಛಾವಣಿಗೆ ತಾಗಿ ಪುಟಿದು ಹಿಂದಿನ ಕಾರಿನ ಬಳಿ ಸಿಡಿಯಿತು. ಹಲವರಿಗೆ ಗಾಯ. ಸಯನೈಡ್ ನುಂಗಿ ನದಿಗೆ ಹಾರಿದ. ವಿಷ ಬರೀ ವಾಂತಿ ಮಾಡಿಸಿತು. ಬೇಸಿಗೆಯ ನದಿಯಲ್ಲಿ ಮುಳುಗಲು ನೀರಿರಲಿಲ್ಲ.

ಈಗ ಹೇಳಿ. ಬಡತನ ಇವರೆಲ್ಲರಿಗೂ ಇತ್ತು, ಹೆಚ್ಚು ಕಡಿಮೆ. ಓದಿದ ಪುಸ್ತಕಗಳು ಅವೇ. ಹಾಡಿದ ಹಾಡು ಅದೇ. ಕುಡಿಯುವುದಿಲ್ಲ, ಹೆಣ್ಣಿನ ಸಹವಾಸವಿಲ್ಲ ಎಂಬ ವ್ರತವೂ ಆ ಬಳಗದ್ದೇ. ಆ ವಯಸ್ಸಿನ ಹುಡುಗರು ಒಟ್ಟಾಗಿ ಮಾಡುವ ಪ್ರತಿಜ್ಞೆಗಳ ಕಾವು ನಿಮಗೆ ಗೊತ್ತಿದ್ದದ್ದೇ. ಆದರೆ ನಾಲ್ವರು ಸುಮ್ಮನೆ ನಿಂತರು. ಪ್ರಿನ್ಸಿಪ್‌ನ ಬಾಲ್ಯದಿಂದ ನಾವು ಹೆಕ್ಕಿದ ಕಾರಣಗಳೆಲ್ಲ ಆ ನಾಲ್ವರ ಬಾಲ್ಯದಲ್ಲೂ ಸಿಗುತ್ತವೆ. ಸುಮ್ಮನೆ ನಿಂತವರ ಬಾಲ್ಯವನ್ನು ಮಾತ್ರ ಯಾರೂ ಕೆದಕುವುದಿಲ್ಲ.

ಬಾಂಬು ಸಿಡಿದ ಸದ್ದು ಕೇಳಿದಾಗ ಪ್ರಿನ್ಸಿಪ್ ಕೆಲಸ ಮುಗಿಯಿತೆಂದೇ ಭಾವಿಸಿದ. ಆಮೇಲೆ ಚಾಬ್ರಿನೋವಿಚ್‌ನನ್ನು ಎಳೆದುಕೊಂಡು ಹೋಗುವುದು ಕಂಡಿತು, ಯುವರಾಜನ ಕಾರು ವೇಗವಾಗಿ ದಾಟಿಹೋಯಿತು. ಸೋತಂತಾಯಿತು. ಅವನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ರಸ್ತೆ ದಾಟಿ ಲ್ಯಾಟಿನ್ ಸೇತುವೆಯ ಎದುರು ಶಿಲ್ಲರ್ ಎಂಬವನ ತಿಂಡಿತಿನಿಸಿನ ಅಂಗಡಿಯ ಬಳಿ ನಿಂತ. ಅವನು ಅಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಎಂಬ ಕಥೆಯನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಆ ಕಾಲದ ಯಾವ ಸಾಕ್ಷ್ಯದಲ್ಲೂ ಅದು ಇಲ್ಲ. ಇತ್ತೀಚೆಗೆ ಹುಟ್ಟಿದ ಕಥೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಪುರಭವನದಲ್ಲಿ ಯುವರಾಜ ಸಿಡುಕಿದ. ಭೇಟಿಗೆ ಬಂದರೆ ಬಾಂಬಿನ ಸ್ವಾಗತವೇ ಎಂದು ಸ್ವಾಗತ ಭಾಷಣಕ್ಕೆ ನಿಂತ ಮೇಯರ್‌ನ ಮಾತನ್ನೇ ತುಂಡರಿಸಿದ. ಆಮೇಲೆ ಸಮಾಧಾನ ಮಾಡಿಕೊಂಡು, ಗಾಯಗೊಂಡ ಅಧಿಕಾರಿಯನ್ನು ಆಸ್ಪತ್ರೆಯಲ್ಲಿ ನೋಡಬೇಕೆಂದ. ಮೊದಲು ಗೊತ್ತುಮಾಡಿದ್ದ ತಿರುವನ್ನು ಬಿಟ್ಟು ನದಿಯ ದಂಡೆಯಲ್ಲೇ ನೇರ ಹೋಗುವುದೆಂದು ತೀರ್ಮಾನವಾಯಿತು. ಚಾಲಕರಿಗೆ ಹೇಳಲು ಯಾರಿಗೂ ನೆನಪಾಗಲಿಲ್ಲ. ಮುಂದಿನ ಕಾರು ಹಳೆಯ ದಾರಿಗೆ ಹೊರಳಿತು, ಯುವರಾಜನದ್ದೂ ಹಿಂದೆಯೇ. ‘ಇದಲ್ಲ ದಾರಿ’ ಎಂದು ಪೊಟಿಯೊರೆಕ್ ಕೂಗಿದ. ಚಾಲಕ ಬ್ರೇಕ್ ಹಾಕಿದ. ಕಾರು ನಿಂತದ್ದು ಪ್ರಿನ್ಸಿಪ್‌ನಿಂದ ಕೆಲವೇ ಅಡಿ ದೂರದಲ್ಲಿ.

ಆ ಗಳಿಗೆಯ ಬಗ್ಗೆ ಅವನು ತನಿಖಾ ನ್ಯಾಯಾಧೀಶರ ಮುಂದೆ ಹೇಳಿದ್ದು ದಾಖಲೆಯಲ್ಲಿದೆ. ಯುವರಾಜನನ್ನು ಗುರುತಿಸಿದೆ, ಪಕ್ಕದಲ್ಲಿ ಹೆಂಗಸೊಬ್ಬರು ಕೂತದ್ದು ಕಂಡಿತು, ಹೊಡೆಯಲೋ ಬೇಡವೋ ಎಂದು ಕ್ಷಣ ಯೋಚಿಸಿದೆ, ಅಷ್ಟರಲ್ಲಿ ವಿಚಿತ್ರವಾದ ಏನೋ ಒಂದು ಭಾವ ತುಂಬಿಕೊಂಡಿತು, ಗುರಿಯಿಟ್ಟೆ. ಎರಡು ಸಲ ಹಾರಿಸಿರಬೇಕು, ಹೆಚ್ಚೂ ಇರಬಹುದು, ಉದ್ವೇಗದಲ್ಲಿದ್ದೆ. ತಾಗಿತೋ ಇಲ್ಲವೋ ತಿಳಿಯದು, ಅಷ್ಟರಲ್ಲಿ ಜನ ಬಡಿಯತೊಡಗಿದರು. ಅವನು ಹೇಳಿದ್ದರ ಸಾರ ಇಷ್ಟು.

ಆ ಹೆಂಗಸಿನ ವಿಷಯಕ್ಕೆ ಮತ್ತೆ ಬರೋಣ. ಸೋಫಿಯನ್ನು ನೋಡಿ ಚುಬ್ರಿಲೋವಿಚ್‌ಗೆ ಕನಿಕರ ಬಂತು, ಕೈ ನಿಂತಿತು. ಅದೇ ಸೋಫಿಯನ್ನು ನೋಡಿ ಪ್ರಿನ್ಸಿಪ್‌ಗೂ ಒಂದು ಕ್ಷಣ ಕೈ ನಿಂತಿತು. ಆಮೇಲೆ ನಿಲ್ಲಲಿಲ್ಲ. ಇವೆರಡರ ನಡುವೆ ಇರುವುದು ಆ ‘ವಿಚಿತ್ರ ಭಾವ’ ಒಂದೇ. ಅದು ಏನು? ದ್ವೇಷ ಎಂದು ಅವನು ಹೇಳಲಿಲ್ಲ. ದೇಶಭಕ್ತಿ ಎಂದೂ ಹೇಳಲಿಲ್ಲ, ಹೇಳಲು ಧಾರಾಳ ಅವಕಾಶವಿದ್ದರೂ. ಕಂಠಪಾಠ ಮಾಡಿದವನಿಗೆ ವೇದಿಕೆಯ ಮೇಲೆ ಮೊದಲ ಸಾಲು ಮರೆತು, ಮರುಕ್ಷಣ ತಾನಾಗಿ ಬಾಯಿಂದ ಹೊರಡುತ್ತದಲ್ಲ, ಅಂಥದ್ದೇನೋ ಎಂದು ನನ್ನ ಊಹೆ. ಬೆಲ್‌ಗ್ರೇಡ್‌ನ ತೋಪಿನಲ್ಲಿ ಗುರಿಯಿಡುವುದನ್ನು ಕಲಿತದ್ದು ಕೆಲವೇ ದಿನ. ಆದರೆ ತಲೆಯೊಳಗೆ ನಾಲ್ಕು ವರ್ಷದಿಂದ, ಝೆರಾಯಿಚ್‌ನ ಸಮಾಧಿಯ ಮುಂದೆ, ಅವನು ಆ ಗುಂಡನ್ನು ಹಾರಿಸುತ್ತಲೇ ಇದ್ದ. ಉಳಿದವರಲ್ಲಿ ಕೆಲವರು ಈ ಸಂಚಿಗೆ ಸೇರಿ ವಾರಗಳಷ್ಟೇ ಆಗಿದ್ದವು. ಕಾರು ಅವರ ಮುಂದೆ ಓಡಿಹೋಯಿತು, ಇವನ ಮುಂದೆ ನಿಂತಿತು ಎಂಬುದನ್ನೂ ಮರೆಯಬಾರದು. ಓಡುವ ಕಾರಿಗೆ ಪ್ರಿನ್ಸಿಪ್ ಕೂಡ ಹೊಡೆದಿರಲಿಲ್ಲ.

ಒಂದು ಗುಂಡು ಯುವರಾಜನ ಕುತ್ತಿಗೆಗೆ, ಒಂದು ಸೋಫಿಯ ಹೊಟ್ಟೆಗೆ. ‘ಸೋಫಿ, ಸಾಯಬೇಡ, ಮಕ್ಕಳಿಗಾಗಿ ಬದುಕು’ ಎಂದು ಅವನು ಅಂದದ್ದನ್ನು ಕಾರಿನ ಮೆಟ್ಟಿಲ ಮೇಲೆ ನಿಂತಿದ್ದ ಕೌಂಟ್ ಹರಾಖ್ ಕೇಳಿಸಿಕೊಂಡ. ಇಬ್ಬರೂ ಉಳಿಯಲಿಲ್ಲ. ತನ್ನ ಎರಡನೆಯ ಗುರಿ ಪೊಟಿಯೊರೆಕ್ ಆಗಿತ್ತು, ಆ ಹೆಂಗಸನ್ನು ಕೊಲ್ಲುವ ಉದ್ದೇಶವಿರಲಿಲ್ಲ ಎಂದು ಪ್ರಿನ್ಸಿಪ್ ಕೊನೆಯವರೆಗೂ ಹೇಳಿದ. ಅವನಿಗೆ ನಿಜವಾಗಿ ಚುಚ್ಚಿದ್ದು ಅದೊಂದೇ. ವಧೆಯ ಹಾಡಿನಲ್ಲಿ ಹೆಂಗಸಿಗೆ ಜಾಗವಿರಲಿಲ್ಲ. ಸೋಫಿಯ ವಿಷಯದಲ್ಲಿ ಅದು ಕೊಲೆಯೇ ಎಂದು ಅವನ ಒಳಗೆ ಗೊತ್ತಿತ್ತು.

ವಿಚಾರಣೆ ಅಕ್ಟೋಬರ್‌ನಲ್ಲಿ. ಆರೋಪಿಗಳು 25 ಜನ. ತಾನು ರೈತನ ಮಗ, ಹಳ್ಳಿಗಳಲ್ಲಿ ಏನಾಗುತ್ತಿದೆ ಎಂದು ಬಲ್ಲೆ, ಅದಕ್ಕೇ ಸೇಡು ತೀರಿಸಿಕೊಂಡೆ ಎಂದ. ಇಪ್ಪತ್ತು ವರ್ಷದ ಕಠಿಣ ಸಜೆ. ತಿಂಗಳಿಗೊಂದು ದಿನ ಉಪವಾಸ. ಪ್ರತಿವರ್ಷ ಜೂನ್ 28ರಂದು ಕತ್ತಲ ಕೋಣೆ. ವಯಸ್ಸು ದಾಟಿದ್ದ ಇಲಿಚ್‌ನನ್ನೂ ಇನ್ನಿಬ್ಬರನ್ನೂ 1915ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಬೇಡ ಎಂದು ವಾದಿಸಿದ್ದ ಇಲಿಚ್ ನೇಣಿಗೆ ಹೋದ, ಮಾಡಿದವನು ಬದುಕಿದ.

ಬದುಕಿದ ಎನ್ನುವ ಮಾತು ದೊಡ್ಡದಾಯಿತು. ಬೊಹೀಮಿಯಾದ ಟೆರೇಜಿಯೆನ್‌ಷ್ಟಾಟ್ ಕೋಟೆಯಲ್ಲಿ ಅವನನ್ನು ಒಂಟಿಯಾಗಿ, ಸಂಕೋಲೆ ತೊಡಿಸಿ ಇಟ್ಟರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದರಲ್ಲ, ಅದೇ ಊರು. 1916ರಲ್ಲಿ ಮಾರ್ಟಿನ್ ಪಾಪನ್‌ಹೈಮ್ ಎಂಬ ವಿಯೆನ್ನಾದ ಮನೋವೈದ್ಯರು ಅವನನ್ನು ಫೆಬ್ರವರಿಯಿಂದ ಜೂನ್‌ವರೆಗೆ ಕೆಲವು ಸಲ ಕಂಡು ಮಾತಾಡಿಸಿದರು. ಅವರ ಟಿಪ್ಪಣಿಗಳು ತಂತಿ ಸಂದೇಶದ ಹಾಗಿವೆ: ತುಂಡು ತುಂಡು, ವಿವರಣೆಯಿಲ್ಲ, ತೀರ್ಪೂ ಇಲ್ಲ. ನನಗೆ ಆ ವೈದ್ಯರ ಮೇಲೆ ಗೌರವ ಬಂದದ್ದು ಅದಕ್ಕೇ. ರೋಗಿಯನ್ನು ಸಿದ್ಧಾಂತಕ್ಕೆ ಹೊಲಿಯಲು ಅವರು ಹೋಗಲಿಲ್ಲ.

ಏನಿದೆ ಅಲ್ಲಿ? ರಾತ್ರಿ ನಾಲ್ಕು ಗಂಟೆ ನಿದ್ದೆ. ಕನಸುಗಳು ಚೆನ್ನಾಗಿರುತ್ತವೆ, ಬದುಕಿನ ಕುರಿತು, ಪ್ರೀತಿಯ ಕುರಿತು. ಓದಲು ಪುಸ್ತಕವಿಲ್ಲ ಎನ್ನುವುದೇ ದೊಡ್ಡ ಸಂಕಟ. ಒಬ್ಬ ಹುಡುಗಿಯಿದ್ದಳು, ಶುದ್ಧ ಪ್ರೀತಿ, ಒಮ್ಮೆಯೂ ಮುತ್ತಿಟ್ಟಿಲ್ಲ, ಅದರ ಬಗ್ಗೆ ಹೆಚ್ಚು ಹೇಳಲೊಲ್ಲ. ತಿಂಗಳ ಹಿಂದೆ ಟವಲಿನಿಂದ ನೇಣು ಹಾಕಿಕೊಳ್ಳಲು ನೋಡಿದ್ದ. ಮತ್ತೆ, ಕೊಲೆಗೆ ಪ್ರೇರಣೆ ಏನು ಎಂಬಲ್ಲಿ ಎರಡೇ ಪದ: ಸೇಡು ಮತ್ತು ಪ್ರೀತಿ.

ಯುದ್ಧದ ಸುದ್ದಿ ಅವನಿಗೆ ಅರೆಬರೆ ತಲುಪಿತ್ತು. ಸರ್ಬಿಯಾ ಈಗ ಇಲ್ಲ ಎಂದು ಕೇಳಿದ್ದ, ಅದು ಅವನನ್ನು ಕೊರೆಯುತ್ತಿತ್ತು. ಆದರೆ ತನ್ನ ಗುಂಡಿನಿಂದಲೇ ಯುದ್ಧವಾಯಿತು ಎಂಬುದನ್ನು ಅವನು ಒಪ್ಪಲಿಲ್ಲ. ಹತ್ಯೆಯಾಗದಿದ್ದರೂ ಯುದ್ಧ ಬರುತ್ತಲೇ ಇತ್ತು ಎಂದ. ಪಾಪ ತೊಳೆದುಕೊಳ್ಳುವ ಮಾತು ಎನ್ನಬಹುದು. ಆದರೆ ತಾರೀಖುಗಳನ್ನು ನೋಡಿ. ಹತ್ಯೆ ಜೂನ್ 28. ಜರ್ಮನಿ ಬೆನ್ನಿಗಿದ್ದೇವೆ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟದ್ದು ಜುಲೈ ಮೊದಲ ವಾರ. ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆ ಹೋದದ್ದು ಜುಲೈ 23. ಯುದ್ಧ ಘೋಷಣೆ ಜುಲೈ 28. ಸರಿಯಾಗಿ ಒಂದು ತಿಂಗಳು! ಆ ತಿಂಗಳಲ್ಲಿ ನಿರ್ಧಾರ ಮಾಡಿದವರು ಮೀಸೆ ನರೆತ, ಪದಕ ತೊಟ್ಟ, ಹೊಟ್ಟೆ ತುಂಬಿದ ದೊಡ್ಡವರು. ಆಸ್ಟ್ರಿಯಾದ ಸೇನಾ ಮುಖ್ಯಸ್ಥ ಕಾನ್ರಾಡ್ ಸರ್ಬಿಯಾದ ಮೇಲೆ ಯುದ್ಧ ಸಾರೋಣ ಎಂದು ವರ್ಷಗಳಿಂದ ಪದೇ ಪದೇ ಪಟ್ಟು ಹಿಡಿದಿದ್ದ. ಅದನ್ನು ತಡೆಯುತ್ತಿದ್ದವರಲ್ಲಿ ಮುಖ್ಯನಾದವನು ಇದೇ ಫ್ರಾನ್ಸ್ ಫರ್ಡಿನೆಂಡ್. ಆ ದೊಡ್ಡವರ ಮನಸ್ಸಿನ ಬಗ್ಗೆ ಮನೋವೈದ್ಯರು ಯಾರೂ ಟಿಪ್ಪಣಿ ಬರೆಯಲಿಲ್ಲ. ನಮ್ಮ ಪಠ್ಯದಲ್ಲೂ ‘ತತ್‌ಕ್ಷಣ’ ಎಂಬ ಒಂದು ಪದದೊಳಗೆ ಮೂವತ್ತು ದಿನ ಕಾಣೆಯಾಗಿವೆ.

ಸೆರೆಮನೆಯಲ್ಲಿ ಕ್ಷಯ ಮೂಳೆಗೆ ಇಳಿಯಿತು. ಒಂದು ತೋಳನ್ನು ಕತ್ತರಿಸಬೇಕಾಯಿತು. ಚಾಬ್ರಿನೋವಿಚ್ ಮೊದಲೇ ಅಲ್ಲೇ ಸತ್ತಿದ್ದ, ಗ್ರಾಬೆಜ್ ಕೂಡ. ಕೋಣೆಯ ಗೋಡೆಯ ಮೇಲೆ ಪ್ರಿನ್ಸಿಪ್ ಗೀಚಿದ ಸಾಲುಗಳೆಂದು ಹೇಳುವುದು ಇವು: ನಮ್ಮ ನೆರಳುಗಳು ವಿಯೆನ್ನಾದಲ್ಲಿ ಅಡ್ಡಾಡುವವು, ಅರಮನೆಗಳಲ್ಲಿ ಅಲೆದು ದೊರೆಗಳನ್ನು ಬೆದರಿಸುವವು. 1918ರ ಏಪ್ರಿಲ್ 28ರಂದು ಪ್ರಾಣ ಬಿಟ್ಟ. ವಯಸ್ಸು ಇಪ್ಪತ್ತಮೂರು. ಐದು ತಿಂಗಳ ಬಳಿಕ, ಸೆಪ್ಟೆಂಬರ್ 23ರಂದು, ಅದೇ ಮಹಾಯುದ್ಧದಲ್ಲಿ, ಅವನ ಹೆಸರನ್ನೇ ಕೇಳಿರದ ನಮ್ಮ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಪ್ಯಾಲೆಸ್ಟೈನಿನ ಹೈಫಾ ಊರಿನ ಗುಡ್ಡದ ಮೇಲಿನ ಫಿರಂಗಿಗಳತ್ತ ಕುದುರೆ ಏರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆ ಹೋದರೆ ಅವರ ಸ್ಮಾರಕ ನೋಡಿ ಬನ್ನಿ.

ಉಪನ್ಯಾಸ ಇಲ್ಲಿಗೆ ಮುಗಿಯಿತು. ಆಮೇಲಿನ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಮುಂದಿನ ಸಾಲಿನ ಹಿರಿಯರೊಬ್ಬರು, ‘ಅವನು ವೀರನೋ, ಭಯೋತ್ಪಾದಕನೋ? ನೀವು ಜಾರಿಕೊಂಡಿರಿ’ ಎಂದರು. ಹೌದು, ಜಾರಿಕೊಂಡೆ. ಆ ರಸ್ತೆಯ ಮೂಲೆ ಕೂಡ ನೂರು ವರ್ಷದಿಂದ ಜಾರುತ್ತಲೇ ಇದೆ ಎಂದೆ. ಮೊದಲು ಸತ್ತ ದಂಪತಿಗಳ ಸ್ಮಾರಕ ನಿಂತಿತು. ಸಾಮ್ರಾಜ್ಯ ಬಿದ್ದ ಮೇಲೆ ಅದನ್ನು ಕಿತ್ತರು. 1930ರಲ್ಲಿ ಪ್ರಿನ್ಸಿಪ್‌ನನ್ನು ಹೊಗಳುವ ಫಲಕ ಬಂತು. 1941ರಲ್ಲಿ ಜರ್ಮನ್ ಸೈನಿಕರು ಅದನ್ನು ಬಿಚ್ಚಿ ಹಿಟ್ಲರನ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕಳಿಸಿದರು. ಯುಗೊಸ್ಲಾವಿಯಾವನ್ನು ಟಿಟೊ ಆಳುತ್ತಿದ್ದ ಕಾಲದಲ್ಲಿ ಅವನು ನಿಂತ ಜಾಗವೆಂದು ಕಾಂಕ್ರೀಟಿನಲ್ಲಿ ಹೆಜ್ಜೆಗುರುತು ಮೂಡಿಸಿದರು, ಸೇತುವೆಗೂ ಅವನದೇ ಹೆಸರಿತ್ತು. 1992ರ ನಂತರ, ನಗರದ ಸುತ್ತಲ ಬೆಟ್ಟಗಳಿಂದ ಸರ್ಬ್ ಪಡೆಗಳು ಗುಂಡಿನ ಮಳೆ ಸುರಿಸಿದ ಮೇಲೆ, ಹೆಜ್ಜೆಗುರುತೂ ಹೋಯಿತು, ಹೆಸರೂ ಹೋಯಿತು. ಬೆಲ್‌ಗ್ರೇಡ್‌ನಲ್ಲಿ 2015ರಲ್ಲಿ ಪ್ರತಿಮೆ ಎದ್ದಿತು. ಅವನ ಮೂಳೆಗಳು ಮಾತ್ರ ಸಾರಾಯೆವೊದಲ್ಲೇ ಇವೆ, ಝೆರಾಯಿಚ್‌ನ ಮೂಳೆಗಳ ಜೊತೆ, ಒಂದೇ ಪ್ರಾರ್ಥನಾ ಮಂದಿರದ ಅಡಿಯಲ್ಲಿ. ಹಿರಿಯರಿಗೆ ನನ್ನ ಉತ್ತರದಿಂದ ತೃಪ್ತಿಯಾಗಲಿಲ್ಲ.

ಇನ್ನೊಂದು ಪ್ರಶ್ನೆ ಕಾಲೇಜು ಹುಡುಗಿಯೊಬ್ಬಳದು. ‘ಕನಿಕರ ಬಂತು ಅಂದನಲ್ಲ ಸರ್, ಆ ಹದಿನೇಳರ ಹುಡುಗ, ಅವನು ಆಮೇಲೆ ಏನಾದ?’

ಈ ಸಲ ಉತ್ತರ ಗೊತ್ತಿತ್ತು. ವಾಸೊ ಚುಬ್ರಿಲೋವಿಚ್‌ಗೆ ಹದಿನಾರು ವರ್ಷದ ಶಿಕ್ಷೆಯಾಯಿತು. ನೇಣಿಗೆ ಹೋದ ಮೂವರಲ್ಲಿ ಅವನ ಅಣ್ಣನೂ ಒಬ್ಬ. 1918ರಲ್ಲಿ ಸಾಮ್ರಾಜ್ಯವೇ ಕುಸಿದದ್ದರಿಂದ ಇವನು ಹೊರಬಂದ. ಓದಿ ಬೆಲ್‌ಗ್ರೇಡ್‌ನಲ್ಲಿ ಇತಿಹಾಸದ ಪ್ರಾಧ್ಯಾಪಕನಾದ, ಎರಡನೆಯ ಯುದ್ಧದ ನಂತರ ಮಂತ್ರಿಯೂ ಆದ, ತೊಂಬತ್ತು ದಾಟಿ 1990ರಲ್ಲಿ ತೀರಿಕೊಂಡ. ಹುಡುಗಿಯ ಮುಖ ಅರಳಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ 1937ರಲ್ಲಿ ಅವನು ಬರೆದ ಒಂದು ವರದಿಯೂ ಇದೆ. ಕೊಸೊವೊದಲ್ಲಿರುವ ಅಲ್ಬೇನಿಯನ್ನರನ್ನು ಒಟ್ಟಾಗಿ ದೇಶ ಬಿಡಿಸುವುದು ಹೇಗೆ, ತೆರಿಗೆಯಿಂದ ಹಿಡಿದು ಪೊಲೀಸರವರೆಗೆ ಯಾವ ಯಾವ ಬಗೆಯಲ್ಲಿ ಅವರ ಬದುಕನ್ನು ದುರ್ಭರ ಮಾಡಬೇಕು ಎಂದು ಸರ್ಕಾರಕ್ಕೆ ಕೊಟ್ಟ ಸಲಹೆ ಅದು. ಅಂದು ಅವನ ಕೈಯಲ್ಲಿ ಇದ್ದದ್ದು ಲೇಖನಿ. ಎದುರಿಗೆ ಯಾವ ಹೆಂಗಸೂ ಕೂತಿರಲಿಲ್ಲ.